ದೋಣಿಯಿಂದ ಹಳಿಗೆ ಬಂದ ಡೆಲ್ಟಿಕ್

ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಹೊರಟು, ಪೀಟರ್‌ಬರೋ, ಡಾಂಕಾಸ್ಟರ್, ಯಾರ್ಕ್, ನ್ಯೂಕ್ಯಾಸಲ್ ಊರುಗಳನ್ನು ಹಾದು, ಅಲ್ಲಿಂದಾಚೆಗೆ ಉತ್ತರ ಸಮುದ್ರದ ತೀರವನ್ನು ಅನುಸರಿಸಿಕೊಂಡು ಸ್ಕಾಟ್ಲೆಂಡಿನ ರಾಜಧಾನಿಯಾದ ಎಡಿನ್‌ಬರೋವನ್ನು ಸೇರುವ 393 ಮೈಲಿಗಳ ರೈಲುಮಾರ್ಗವು, ವೇಗದ ವಿಷಯದಲ್ಲಿ ಬ್ರಿಟನ್ನಿನ ಜನಕ್ಕೆ ಬಹುಕಾಲದಿಂದ ಅಭಿಮಾನದ ವಸ್ತುವಾಗಿರತಕ್ಕದ್ದು. 1862ರಿಂದ ಮೊದಲುಗೊಂಡು ಬೆಳಗಿನ ಹತ್ತು ಗಂಟೆಗೆ ಹೊರಡುವುದನ್ನು ಒಂದು ವ್ರತವೆಂಬಂತೆ ನಡೆಸಿಕೊಂಡು ಬಂದ ‘ಫ್ಲೈಯಿಂಗ್ ಸ್ಕಾಟ್ಸ್‌ಮನ್’ ಓಡಿದ್ದು ಈ ಮಾರ್ಗದಲ್ಲಿ. 1938ರ ಜುಲೈ 3ರಂದು ಸರ್ ನೈಜೆಲ್ ಗ್ರೆಸ್ಲಿಯವರು ರಚಿಸಿದ ‘ಮಲ್ಲಾರ್ಡ್’ ಎಂಬ ಉಗಿ ಎಂಜಿನು ಗಂಟೆಗೆ 126 ಮೈಲಿಗಳ ವೇಗವನ್ನು ಮುಟ್ಟಿ, ಇಂದಿಗೂ ಯಾವ ಉಗಿ ಎಂಜಿನೂ ಮೀರಲಾರದ ದಾಖಲೆಯನ್ನು ಸ್ಥಾಪಿಸಿದ್ದೂ ಇದೇ ಮಾರ್ಗದ ಸ್ಟೋಕ್ ಇಳಿಜಾರಿನಲ್ಲಿ. ಇಂಥ ಪರಂಪರೆಯುಳ್ಳ ಹಳಿಗಳ ಮೇಲೆ ಉಗಿಯನ್ನು ನಿಲ್ಲಿಸಿ ಅದರ ಜಾಗಕ್ಕೆ ಡೀಸೆಲ್ಲನ್ನು ತರಬೇಕೆಂದು ಹೊರಟವರಿಗೆ, ಹೊಸದು ಹಳೆಯದಕ್ಕಿಂತ ಕಡಮೆಯಾಗಬಾರದೆಂಬ ಕಟ್ಟು ಮೊದಲಿನಿಂದಲೇ ಇದ್ದಿತು. ಆ ಕಟ್ಟನ್ನು ನಿಜವಾಗಿ ನಡೆಸಿಕೊಟ್ಟವು ಕೇವಲ 22 ಎಂಜಿನುಗಳು. ಅವುಗಳ ಹೆಸರು ಡೆಲ್ಟಿಕ್.

ಬ್ರಿಟಿಷ್ ರೈಲ್ವೆಯವರು ತಮ್ಮ ಆಧುನೀಕರಣದ ಯೋಜನೆಯನ್ನು ಪ್ರಕಟಿಸಿದುದು 1955ರಲ್ಲಿ. ಉಗಿ ಎಂಜಿನುಗಳನ್ನು ಕ್ರಮಕ್ರಮವಾಗಿ ನಿವೃತ್ತಿಗೊಳಿಸಿ, ಮುಖ್ಯವಾದ ಮಾರ್ಗಗಳಿಗೆ ವಿದ್ಯುತ್ತನ್ನೂ ಉಳಿದವಕ್ಕೆ ಡೀಸೆಲ್ ಎಂಜಿನುಗಳನ್ನೂ ಒದಗಿಸುವುದು ಅದರ ಉದ್ದೇಶ. ಪೂರ್ವತೀರದ ಈ ಮಾರ್ಗಕ್ಕೆ ವಿದ್ಯುತ್ತು ಬರಬೇಕೆಂದು ಆ ಯೋಜನೆಯಲ್ಲಿಯೇ ಬರೆದಿತ್ತಾದರೂ, ಹಣದ ಅಭಾವದಿಂದ ಆ ಕೆಲಸ ಹಿಂದೆ ಬಿದ್ದಿತು. ಎಷ್ಟು ಹಿಂದೆ ಬಿದ್ದಿತೆಂದರೆ, ತಂತಿಗಳು ಎಡಿನ್‌ಬರೋವನ್ನು ಮುಟ್ಟಿ ಕೆಲಸ ಪೂರ್ತಿಯಾದದ್ದು 1991ರಲ್ಲಿ. ನಡುವಿನ ಕಾಲಕ್ಕೆ ಡೀಸೆಲ್ಲೇ ಗತಿಯಾಯಿತು. ಆದರೆ ಆಗ ದೊರೆಯುತ್ತಿದ್ದ ಡೀಸೆಲ್ ಎಂಜಿನುಗಳ ಲಕ್ಷಣವನ್ನು ನೋಡಿರಿ: 1958ರಲ್ಲಿ ಬಂದ, ಮುಂದೆ 40ನೆಯ ವರ್ಗವೆಂದು ಕರೆಸಿಕೊಂಡ ಎಂಜಿನಿನ ಭಾರ 133 ಟನ್ನು, ಅದರ ಶಕ್ತಿ 2000 ಅಶ್ವಶಕ್ತಿ. ಚೆನ್ನಾಗಿ ಕಾಪಾಡಿಕೊಂಡು ಬಂದ ಗ್ರೆಸ್ಲಿಯವರ ಉಗಿ ಎಂಜಿನು, ಕಲ್ಲಿದ್ದಲು ಒಳ್ಳೆಯದಾಗಿ ಕೈಯೂ ಪಳಗಿದ್ದರೆ, ಅಷ್ಟು ಬಲವನ್ನು ತಾನೂ ತೋರಿಸುತ್ತಿತ್ತು. ಹೀಗಿರುವಾಗ ಅಪಾರವಾದ ಹಣವನ್ನು ಸುರಿದು ಇದ್ದ ವೇಗವನ್ನೇ ಉಳಿಸಿಕೊಳ್ಳುವುದಕ್ಕೆ ಆಧುನೀಕರಣವೆಂಬ ಹೆಸರೇಕೆ ಎಂದು ಆ ಮಾರ್ಗದ ಅಧಿಕಾರಿಗಳಲ್ಲಿ ಕೆಲವರು ಕೇಳಿದುದರಲ್ಲಿ ಅನ್ಯಾಯವೇನೂ ಇರಲಿಲ್ಲ.

ಇಲ್ಲಿ ಡೀಸೆಲ್ ಎಂಜಿನಿನ ಒಳಗುಟ್ಟನ್ನು ಸ್ವಲ್ಪ ತಿಳಿಯಬೇಕು. ಗಾಡಿಯನ್ನೆಳೆಯುವ ಇಡಿಯ ವಾಹನವನ್ನು ಎಂಜಿನು ಎಂತಲೂ, ಅದರ ಹೊಟ್ಟೆಯಲ್ಲಿ ಕುಳಿತು ಎಣ್ಣೆಯನ್ನು ಉರಿಸುವ ಭಾಗವನ್ನು ಯಂತ್ರವೆಂತಲೂ ನಾನು ಈ ಲೇಖನದಲ್ಲಿ ಕರೆಯುತ್ತೇನೆ. ಡೀಸೆಲ್ ಯಂತ್ರಕ್ಕೆ ಒಂದು ದೌರ್ಬಲ್ಯವುಂಟು. ಉಗಿಯು ನಿಂತ ಗಾಲಿಯನ್ನೂ ತಳ್ಳಬಲ್ಲುದು. ಡೀಸೆಲ್ ಯಂತ್ರವಾದರೋ ತಾನು ಮೊದಲೇ ತಿರುಗುತ್ತಿದ್ದ ಹೊರತು ಏನನ್ನೂ ತಳ್ಳಲಾರದು. ಐನೂರು ಟನ್ನಿನ ಗಾಡಿಯನ್ನು ನಿಂತಲ್ಲಿಂದ ಕದಲಿಸುವುದಕ್ಕೆ ಮೋಟಾರುಕಾರಿನಲ್ಲಿರುವಂಥ ಹಲ್ಲುಗಾಲಿಗಳ ಪೆಟ್ಟಿಗೆಯನ್ನು ನೆಚ್ಚಿಕೊಳ್ಳುವುದು ಕಷ್ಟವಾದ್ದರಿಂದ, ಯಂತ್ರವು ಒಂದು ಜನರೇಟರನ್ನು ತಿರುಗಿಸುವಂತೆಯೂ, ಅದರಿಂದ ಹುಟ್ಟಿದ ವಿದ್ಯುತ್ತು ಗಾಲಿಗಳ ಅಚ್ಚುಗಳಿಗೆ ಜೋಡಿಸಿದ ಮೋಟಾರುಗಳಿಗೆ ಹರಿದು ಅವುಗಳನ್ನು ಸುತ್ತಿಸುವಂತೆಯೂ ಏರ್ಪಡಿಸಿದರು. ಡೀಸೆಲ್-ಎಲೆಕ್ಟ್ರಿಕ್ ಎಂದರೆ ಇಷ್ಟೆ: ತನ್ನ ವಿದ್ಯುಚ್ಛಕ್ತಿಯ ಕಾರಖಾನೆಯನ್ನು ತಾನೇ ಹೊತ್ತು ತಿರುಗುವ ವಿದ್ಯುತ್ ಎಂಜಿನು. ಈ ಏರ್ಪಾಟು ನಯವಾದದ್ದು, ನಂಬಿಕೆಗೆ ತಕ್ಕದ್ದು, ಆದರೆ ಭಾರವಾದದ್ದು. ಯಂತ್ರ, ಜನರೇಟರು, ಮೋಟಾರು ಎಂದು ಮೂರು ಮೂರು ಭಾರಗಳನ್ನು ಹೊರಬೇಕಾದಾಗ, ಎಂಜಿನು ತಾನು ಉತ್ಪತ್ತಿ ಮಾಡಿದ ಬಲದಲ್ಲಿ ಗಣನೀಯವಾದ ಪಾಲನ್ನು ತನ್ನನ್ನು ತಾನು ಎಳೆದುಕೊಳ್ಳುವುದಕ್ಕೇ ವ್ಯಯಮಾಡುತ್ತದೆ. ಹೆಚ್ಚು ವೇಗ ಬೇಕಾದರೆ ಹೆಚ್ಚು ಬಲ ಬೇಕು. ಹೆಚ್ಚು ಬಲಕ್ಕೆ ದೊಡ್ಡ ಯಂತ್ರ ಬೇಕು. ದೊಡ್ಡ ಯಂತ್ರಕ್ಕೆ ಮತ್ತಷ್ಟು ಗಾಲಿ ಬೇಕು. ಈ ಚಕ್ರದಿಂದ ಹೊರಗೆ ಬರುವ ದಾರಿ ಒಂದೇ, ಅದು ಯಂತ್ರವನ್ನು ಹಗುರ ಮಾಡುವುದು. ಆ ದಾರಿ ತೆರೆದದ್ದು ರೈಲಿನವರಿಂದಲ್ಲ, ಕಡಲಿನವರಿಂದ.

ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾದಳದ ವೇಗದ ಟಾರ್ಪೆಡೊ ದೋಣಿಗಳು ಪೆಟ್ರೋಲನ್ನು ಉರಿಸುತ್ತಿದ್ದುವು. ಮರದ ಹಲಗೆಯ ಒಡಲು, ಅದರೊಳಗೆ ಸಾವಿರಾರು ಗ್ಯಾಲನ್ ಪೆಟ್ರೋಲು. ಶತ್ರುವಿನ ಒಂದೇ ಗುಂಡು ದೋಣಿಯನ್ನು ಚಿತೆಯಾಗಿಸುವುದಕ್ಕೆ ಸಾಕಾಗಿತ್ತು. ಜರ್ಮನರ ದೋಣಿಗಳಾದರೋ ಅಷ್ಟು ಸುಲಭವಾಗಿ ಹೊತ್ತಿಕೊಳ್ಳದ ಡೀಸೆಲ್ಲಿನಿಂದ ನಡೆಯುತ್ತಿದ್ದುವು. ಆದಕಾರಣ, ಹಗುರವೂ ಪ್ರಬಲವೂ ಆದ ಡೀಸೆಲ್ ಯಂತ್ರವೊಂದು ಬೇಕೆಂದು ನೌಕಾ ಇಲಾಖೆಯವರು ಯುದ್ಧದ ಅನುಭವದಿಂದ ನಿಶ್ಚಯಿಸಿ, 1946ರಲ್ಲಿ ಆ ಕೆಲಸವನ್ನು ಇಂಗ್ಲಿಷ್ ಎಲೆಕ್ಟ್ರಿಕ್ ಕಂಪೆನಿಗೆ ವಹಿಸಿದರು. ವಿಮಾನಯಂತ್ರಗಳ ನಿರ್ಮಾಣದಲ್ಲಿ ಪ್ರಸಿದ್ಧವಾದ ನೇಪಿಯರ್ ಎಂಬ ಹಳೆಯ ಸಂಸ್ಥೆ ಯುದ್ಧಕಾಲದಲ್ಲಿಯೇ ಆ ಕಂಪೆನಿಯ ಕೈಸೇರಿತ್ತು. ವಿಮಾನಕ್ಕೆ ಯಂತ್ರ ಕಟ್ಟುವವನು ಭಾರದ ಒಂದೊಂದು ತೊಲವನ್ನೂ ಶತ್ರುವಿನಂತೆ ನೋಡುತ್ತಾನೆ; ಆ ಅಭ್ಯಾಸ ಈ ಕೆಲಸಕ್ಕೆ ಒದಗಿಬಂದಿತು.

ನೇಪಿಯರ್ ಸಂಸ್ಥೆಯವರಿಗೆ ಇನ್ನೊಂದು ಅನುಕೂಲವೂ ಇತ್ತು. ಜರ್ಮನಿಯ ಯೂಂಕರ್ಸ್ ಕಂಪೆನಿ ವಿಮಾನಗಳಿಗಾಗಿ ಮಾಡಿದ ಡೀಸೆಲ್ ಯಂತ್ರವೊಂದನ್ನು ಇಂಗ್ಲೆಂಡಿನಲ್ಲಿ ತಯಾರಿಸುವ ಪರವಾನಗಿಯನ್ನು ಅವರು ಯುದ್ಧಕ್ಕೆ ಮೊದಲೇ ಪಡೆದಿದ್ದರು. ಸಾಮಾನ್ಯವಾದ ಯಂತ್ರದಲ್ಲಿ ಒಂದು ಸಿಲಿಂಡರಿಗೆ ಒಂದು ಪಿಸ್ಟನ್ನು. ಸಿಲಿಂಡರಿನ ಇನ್ನೊಂದು ಬಾಯಿಗೆ ಗಟ್ಟಿಯಾದ ಮುಚ್ಚಳ, ಅದರಲ್ಲಿ ತೆರೆದು ಮುಚ್ಚುವ ಕವಾಟಗಳು. ಯೂಂಕರ್ಸ್‌ನವರ ಯಂತ್ರದಲ್ಲಿ ಮುಚ್ಚಳವೂ ಇಲ್ಲ, ಕವಾಟವೂ ಇಲ್ಲ. ಒಂದೇ ಸಿಲಿಂಡರಿನೊಳಗೆ ಎರಡು ಪಿಸ್ಟನ್ನುಗಳು ಎದುರುಬದುರಾಗಿ ನಿಂತು, ಚಪ್ಪಾಳೆ ತಟ್ಟುವ ಅಂಗೈಗಳಂತೆ ಒಂದನ್ನೊಂದು ಸಮೀಪಿಸುತ್ತವೆ, ನಡುವೆ ಸಿಕ್ಕಿ ಕಾದ ಗಾಳಿಯೊಳಕ್ಕೆ ಎಣ್ಣೆ ಚಿಮ್ಮಿ ಉರಿದೊಡನೆ ದೂರ ಸರಿಯುತ್ತವೆ. ಹೀಗೆ ಸರಿದಾಗ ಒಂದು ಪಿಸ್ಟನ್ನು ಹೊಗೆ ಹೋಗುವ ರಂಧ್ರಗಳನ್ನೂ ಇನ್ನೊಂದು ಹೊಸ ಗಾಳಿ ಬರುವ ರಂಧ್ರಗಳನ್ನೂ ತೆರೆಯುತ್ತದೆ. ಗಾಳಿ ಒಂದು ಕಡೆಯಿಂದ ನುಗ್ಗಿ ಹೊಗೆಯನ್ನು ಮತ್ತೊಂದು ಕಡೆಗೆ ಗುಡಿಸಿಬಿಡುತ್ತದೆ. ಮುಚ್ಚಳವಿಲ್ಲವಾದ್ದರಿಂದ ಅದರ ಭಾರವಿಲ್ಲ. ಪ್ರತಿಯೊಂದು ಸುತ್ತಿಗೂ ಒಮ್ಮೆ ಉರಿಯುವುದರಿಂದ ಬಲ ಹೆಚ್ಚು. ಆದರೆ ಒಂದು ತೊಡಕುಂಟು. ಸಿಲಿಂಡರಿನ ಎರಡು ಕೊನೆಗಳಲ್ಲಿಯೂ ಒಂದೊಂದು ಕ್ರ್ಯಾಂಕ್‌ಶಾಫ್ಟು ಬೇಕಾಗಿ, ಮುಚ್ಚಳವಿಲ್ಲದೆ ಉಳಿತಾಯವಾದ ಭಾರ ಇಲ್ಲಿ ಮರಳಿ ಬರುತ್ತದೆ.

ಈ ತೊಡಕನ್ನು ಬಿಡಿಸಿದ ಬಗೆಯೇ ಡೆಲ್ಟಿಕ್ಕಿನ ಜೀವಾಳ. ಅಂಥ ಸಿಲಿಂಡರುಗಳ ಮೂರು ಸಾಲುಗಳನ್ನು ತ್ರಿಕೋಣದ ಮೂರು ಭುಜಗಳಂತೆ ಜೋಡಿಸಿದರೆ, ಶೃಂಗಗಳು ಮೂರೇ ಆದ್ದರಿಂದ ಆರು ಕ್ರ್ಯಾಂಕ್‌ಶಾಫ್ಟುಗಳಿಗೆ ಬದಲು ಮೂರು ಸಾಕು. ಪ್ರತಿಯೊಂದು ಶೃಂಗದಲ್ಲಿರುವ ಶಾಫ್ಟು ತನ್ನ ಎರಡು ಪಕ್ಕದ ಸಾಲುಗಳಿಗೂ ಸೇವೆ ಮಾಡುತ್ತದೆ. ತಲೆಕೆಳಗಾಗಿ ನಿಂತ ಈ ತ್ರಿಕೋಣವು ಗ್ರೀಕರ ಡೆಲ್ಟಾ ಅಕ್ಷರವನ್ನು ಹೋಲುವುದರಿಂದ ಯಂತ್ರಕ್ಕೆ ಆ ಹೆಸರು ಬಂದಿತು. ಕಾಗದದ ಮೇಲೆ ಇದು ಸುಂದರವಾದ ರೇಖಾಗಣಿತ. ಆದರೆ ಹೊಗೆಯ ದ್ವಾರವನ್ನು ತೆರೆಯುವ ಪಿಸ್ಟನ್ನು ಗಾಳಿಯ ದ್ವಾರವನ್ನು ತೆರೆಯುವ ಪಿಸ್ಟನ್ನಿಗಿಂತ ತುಸು ಮುಂದಾಗಿ ನಡೆಯಬೇಕೆಂಬುದು ಇಂಥ ಯಂತ್ರಗಳ ನಿಯಮ; ಮೂರು ಶಾಫ್ಟುಗಳನ್ನೂ ಒಂದೇ ದಿಕ್ಕಿಗೆ ತಿರುಗಿಸಿದರೆ ಆ ಮುಂಗಡವು ಮೂರು ಸಾಲುಗಳಲ್ಲಿಯೂ ಸಮನಾಗಿ ಕೂಡಿಬಾರದು. ನೌಕಾ ಇಲಾಖೆಯ ಪ್ರಯೋಗಶಾಲೆಯಲ್ಲಿದ್ದ ಪೆನ್‌ವಾರ್ಡನ್ ಎಂಬವರು, ಮೂರರಲ್ಲಿ ಒಂದನ್ನು ಮಾತ್ರ ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಎಲ್ಲವೂ ಸರಿಹೋಗುತ್ತದೆಂದು ತೋರಿಸಿಕೊಟ್ಟರು. ದೊಡ್ಡ ದೊಡ್ಡ ಎಂಜಿನಿಯರುಗಳ ಹೆಸರು ಪುಸ್ತಕಗಳಲ್ಲಿ ದಪ್ಪಕ್ಷರದಲ್ಲಿ ಉಳಿಯುತ್ತದೆ. ಇಂಥ ಒಂದು ಸಾಲಿನ ಸಲಹೆಯನ್ನು ಕೊಟ್ಟವರು ಅಡಿಟಿಪ್ಪಣಿಗೆ ಸೇರುತ್ತಾರೆ. ಈ ಒಂದು ಸಾಲು ಇಲ್ಲದಿದ್ದರೆ ಡೆಲ್ಟಿಕ್ ಇಲ್ಲ.

ಹೀಗೆ ಸಿದ್ಧವಾದ ಯಂತ್ರದಲ್ಲಿ 18 ಸಿಲಿಂಡರು, 36 ಪಿಸ್ಟನ್ನು. ದೋಣಿಗಳಲ್ಲಿ ಅದು 2500 ಅಶ್ವಶಕ್ತಿಯನ್ನು ಕೊಡುತ್ತಿತ್ತು; ಅದರ ತೂಕ ಸುಮಾರು ನಾಲ್ಕು ಟನ್ನು. ನೌಕಾದಳದವರು ವೇಗದ ಕಾವಲು ದೋಣಿಗಳಲ್ಲಿಯೂ, ‘ಟನ್’ ವರ್ಗದ ಅನೇಕ ಸುರಂಗಶೋಧಕ ನೌಕೆಗಳಲ್ಲಿಯೂ ಅದನ್ನು ಕೂಡಿಸಿದರು. ಆ ವರ್ಗದ ನಾಲ್ಕು ನೌಕೆಗಳು ಭಾರತದ ನೌಕಾದಳಕ್ಕೂ ಬಂದುವೆಂಬುದನ್ನೂ, ಅವುಗಳಲ್ಲೊಂದಕ್ಕೆ ನಮ್ಮ ಕಾರವಾರದ ಹೆಸರನ್ನಿಟ್ಟಿದ್ದರೆಂಬುದನ್ನೂ ಇಲ್ಲಿ ಸ್ಮರಿಸಬಹುದು. ಅಮೆರಿಕದಲ್ಲಿ ನ್ಯೂಯಾರ್ಕ್ ನಗರದ ಅಗ್ನಿಶಾಮಕ ಪಡೆಯವರು 1965ರಲ್ಲಿ ಕೊಂಡ ಲಾರಿಯ ದೈತ್ಯ ಪಂಪನ್ನು ನಡೆಸಿದ್ದೂ ಇದೇ ಯಂತ್ರ.

ಇಂಗ್ಲಿಷ್ ಎಲೆಕ್ಟ್ರಿಕ್ ಕಂಪೆನಿಯ ಅಧ್ಯಕ್ಷರಾಗಿದ್ದ ಸರ್ ಜಾರ್ಜ್ ನೆಲ್ಸನ್ನರಿಗೆ ಕಡಲಿನ ಈ ಯಂತ್ರವನ್ನು ನೆಲದ ಮೇಲೂ ಓಡಿಸಬಹುದಲ್ಲವೆ ಎಂಬ ಯೋಚನೆ ಹುಟ್ಟಿತು. ಯಾರೂ ಕೇಳದಿದ್ದರೂ ಕಂಪೆನಿಯ ಸ್ವಂತ ಖರ್ಚಿನಲ್ಲಿ, ಪ್ರೆಸ್ಟನ್ನಿನ ಕಾರಖಾನೆಯಲ್ಲಿ, 1955ರಲ್ಲಿ ಒಂದು ಮಾದರಿ ಎಂಜಿನನ್ನು ಕಟ್ಟಿಸಿದರು. ಎರಡು ಡೆಲ್ಟಿಕ್ ಯಂತ್ರಗಳು; ಬಾಳಿಕೆ ಹೆಚ್ಚಲೆಂದು ಅವುಗಳ ವೇಗವನ್ನು ನಿಮಿಷಕ್ಕೆ 1500 ಸುತ್ತುಗಳಿಗೆ ಇಳಿಸಿ, ಒಂದೊಂದರಿಂದ 1650 ಅಶ್ವಶಕ್ತಿಯನ್ನು ಮಾತ್ರ ತೆಗೆದುಕೊಂಡು, ಒಟ್ಟು 3300 ಅಶ್ವಶಕ್ತಿ. ಆ ಕಾಲಕ್ಕೆ ಒಂಟಿ ಡೀಸೆಲ್ ಎಂಜಿನಿನಲ್ಲಿ ಪ್ರಪಂಚದಲ್ಲಿಯೇ ಅಷ್ಟು ಬಲ ಅಪರೂಪ. ತಿಳಿನೀಲಿ ಬಣ್ಣದ ಮೈ, ಮೂತಿಯಿಂದ ಪಕ್ಕಗಳಿಗೆ ಹರಿದ ಮೀಸೆಯಂಥ ಪಟ್ಟೆಗಳು, ಪಕ್ಕದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದ ಹೆಸರು; ವಿದೇಶಗಳಿಗೂ ಮಾರುವ ಆಸೆಯಿಂದ ಮೂತಿಯ ಮೇಲೆ ದೊಡ್ಡ ದೀಪಕ್ಕೆ ಜಾಗವನ್ನೂ ಬಿಟ್ಟಿದ್ದರು. ಆ ದೀಪ ಎಂದೂ ಬರಲಿಲ್ಲ, ವಿದೇಶದ ಗಿರಾಕಿಯೂ ಬರಲಿಲ್ಲ. ಎಂಜಿನು ಲಂಡನ್-ಲಿವರ್‌ಪೂಲ್ ಮಾರ್ಗದಲ್ಲಿ ಗಾಡಿಗಳನ್ನೆಳೆಯಿತು. ಸೆಟಲ್-ಕಾರ್ಲೈಲ್ ಮಾರ್ಗದ ಕಡಿದಾದ ಏರುಗಳಲ್ಲಿ ಪರೀಕ್ಷೆಗೊಳಗಾಗಿ ತನ್ನ ಬಲವನ್ನು ಸ್ಥಾಪಿಸಿತು. ಆದರೂ ರೈಲ್ವೆಯ ಮುಖ್ಯ ಎಂಜಿನಿಯರುಗಳಿಗೆ ಅದರಲ್ಲಿ ವಿಶ್ವಾಸ ಹುಟ್ಟಲಿಲ್ಲ. ಮಂದಗತಿಯಲ್ಲಿ ತಿರುಗುವ ಸ್ಥೂಲಯಂತ್ರಗಳೇ ಬಾಳಿಕೆ ಬರತಕ್ಕವು, ಇಷ್ಟು ರಭಸದಿಂದ ಸುತ್ತುವ ಯಂತ್ರವು ಬೇಗ ಸವೆದುಹೋಗುವುದೆಂಬುದು ಅವರ ಮತ.

ಅದನ್ನು ಕೈಬಿಡದೆ ಹಿಡಿದವರು ಕಿಂಗ್ಸ್ ಕ್ರಾಸಿನಲ್ಲಿ ಸಂಚಾರದ ಅಧಿಕಾರಿಯಾಗಿದ್ದ ಜೆರಾರ್ಡ್ ಫೈನ್ಸ್ ಅವರು. ಅವರು ಎಂಜಿನಿಯರಲ್ಲ, ಗಾಡಿಗಳನ್ನು ಓಡಿಸಿ ಪ್ರಯಾಣಿಕರನ್ನು ಸಂಪಾದಿಸುವುದು ಅವರ ಕೆಲಸ. ವಿದ್ಯುತ್ತು ಬರುವ ತನಕ ಪ್ರಯಾಣಿಕರು ಕಾದು ಕುಳಿತಿರುವುದಿಲ್ಲ, ಮೋಟಾರುಕಾರಿಗೂ ವಿಮಾನಕ್ಕೂ ಹೊರಟುಹೋಗುತ್ತಾರೆ. ಆದ್ದರಿಂದ ವಿದ್ಯುತ್ ಎಂಜಿನಿನ ವೇಗವನ್ನು ಈಗಲೇ ಕೊಡಬಲ್ಲ ಡೀಸೆಲ್ ಬೇಕೆಂಬುದು ಅವರ ವಾದ. ಇಂಥವರು ಮೇಲಿನವರಿಗೆ ಸುಲಭವಾಗಿ ರುಚಿಸುವುದಿಲ್ಲ. ಇದೇ ಫೈನ್ಸ್ ಅವರು 1967ರಲ್ಲಿ ರೈಲ್ವೆಯ ಆಡಳಿತವನ್ನು ವಿಮರ್ಶಿಸಿ ಪುಸ್ತಕವೊಂದನ್ನು ಬರೆದು, ಅದಕ್ಕಾಗಿ ಕೆಲಸವನ್ನೇ ಕಳೆದುಕೊಂಡರು. ಆದರೆ ಡೆಲ್ಟಿಕ್ಕಿನ ವಿಷಯದಲ್ಲಿ ಅವರ ಮಾತು ನಡೆಯಿತು. 1958ರಲ್ಲಿ 22 ಎಂಜಿನುಗಳಿಗೆ ಆಜ್ಞೆಯಾಯಿತು. 55 ಉಗಿ ಎಂಜಿನುಗಳು ಮಾಡುತ್ತಿದ್ದ ಕೆಲಸವನ್ನು ಈ 22 ಮಾಡತಕ್ಕದ್ದೆಂದು ಲೆಕ್ಕ ಹಾಕಿದರು.

ಈ ಲೆಕ್ಕವನ್ನು ಸ್ವಲ್ಪ ನಿಂತು ನೋಡುವುದು ಒಳ್ಳೆಯದು, ಏಕೆಂದರೆ ಡೆಲ್ಟಿಕ್ಕಿನ ಹಿರಿಮೆಯಲ್ಲಿ ಅರ್ಧಭಾಗ ಯಂತ್ರಶಾಸ್ತ್ರದ್ದಾದರೆ ಇನ್ನರ್ಧ ವ್ಯವಹಾರಶಾಸ್ತ್ರದ್ದು. ಉಗಿ ಎಂಜಿನು ದಿನದ ಬಹುಭಾಗವನ್ನು ಷೆಡ್ಡಿನಲ್ಲಿ ಬೂದಿ ತೆಗೆಸಿಕೊಳ್ಳುತ್ತ, ಬಾಯ್ಲರು ತೊಳೆಸಿಕೊಳ್ಳುತ್ತ, ಬೆಂಕಿ ಹತ್ತುವುದನ್ನು ಕಾಯುತ್ತ ಕಳೆಯುತ್ತದೆ. ಡೆಲ್ಟಿಕ್ಕು ಬೆಲೆಬಾಳುವ ವಸ್ತು. ನಿಂತರೆ ನಷ್ಟ, ಓಡಿದರೇ ಲಾಭ. ಆದ್ದರಿಂದ ಮಾರಾಟದ ಕರಾರಿನಲ್ಲಿಯೇ ಯಂತ್ರಗಳ ದುರಸ್ತಿಯ ಹೊಣೆಯನ್ನೂ ಕಂಪೆನಿಯ ತಲೆಗೆ ಕಟ್ಟಿದರು. ಕಂಪೆನಿಯವರು ಬದಲಿ ಯಂತ್ರಗಳನ್ನು ಮೊದಲೇ ಸಿದ್ಧವಾಗಿಟ್ಟುಕೊಂಡು, ಗೊತ್ತಾದಷ್ಟು ಗಂಟೆಗಳ ಕಾಲ ಓಡಿದ ಯಂತ್ರವನ್ನು ಅದು ಕೆಡುವುದನ್ನು ಕಾಯದೆಯೇ ಎಂಜಿನಿನ ಛಾವಣಿಯ ಮೂಲಕ ಮೇಲೆತ್ತಿ, ಹೊಸದನ್ನು ಇಳಿಸಿ, ಎಂಜಿನನ್ನು ಕೆಲಸಕ್ಕೆ ಕಳುಹಿಸುತ್ತಿದ್ದರು. ತೆಗೆದದ್ದು ಸಾವಧಾನವಾಗಿ ಕಾರಖಾನೆಯಲ್ಲಿ ರಿಪೇರಿಯಾಗುತ್ತಿತ್ತು. ಇದು ವಿಮಾನದವರ ಪದ್ಧತಿ. ಯಂತ್ರವು ವಿಮಾನದವರಿಂದ ಬಂದ ಮೇಲೆ ಅದನ್ನು ಸಾಕುವ ಕ್ರಮವೂ ಅವರಿಂದಲೇ ಬರಬೇಕೆಂಬುದನ್ನು ಅರಿತುಕೊಂಡುದು ದೊಡ್ಡ ವಿವೇಕ.

ಎಂಜಿನುಗಳು ತಯಾರಾದುದು ನ್ಯೂಟನ್-ಲೆ-ವಿಲೋಸ್ ಎಂಬ ಊರಿನ ವಲ್ಕನ್ ಫೌಂಡ್ರಿಯಲ್ಲಿ. ಭಾರತೀಯರಾದ ನಾವು ಈ ಹೆಸರನ್ನು ಕೃತಜ್ಞತೆಯಿಂದ ನೆನೆಯಬಹುದು. 1853ರ ಏಪ್ರಿಲಿನಲ್ಲಿ ಬೊಂಬಾಯಿಯಿಂದ ಠಾಣೆಗೆ ನಮ್ಮ ದೇಶದ ಮೊಟ್ಟಮೊದಲ ಪ್ರಯಾಣಿಕರ ಗಾಡಿಯನ್ನು ಎಳೆದ ಎಂಜಿನುಗಳು ಹಡಗೇರಿದ್ದು ಈ ಕಾರಖಾನೆಯಿಂದಲೇ. ಅಲ್ಲಿಂದ 1961 ಮತ್ತು 1962ರಲ್ಲಿ ಹೊರಬಂದ ಡೆಲ್ಟಿಕ್ಕುಗಳು 69 ಅಡಿಗಳಿಗೆ ಮೀರಿದ ಉದ್ದ, ಆರು ಅಚ್ಚುಗಳು, ಆರಕ್ಕೂ ಮೋಟಾರುಗಳು, ಎರಡು ಕೊನೆಗಳಲ್ಲಿಯೂ ಚಾಲಕನ ಕೋಣೆ, ಹಸುರಿನ ಎರಡು ಛಾಯೆಗಳ ಮೈಬಣ್ಣ ಇವುಗಳಿಂದ ಕೂಡಿದ್ದುವು. ಗೊತ್ತಾದ ಪರಮವೇಗ ಗಂಟೆಗೆ 100 ಮೈಲಿ, ಎಂದರೆ 160 ಕಿಲೋಮೀಟರು. ಭಾರವಾದರೋ 99 ಟನ್ನು ಮಾತ್ರ. ಈ ಮೊದಲು ಹೇಳಿದ 40ನೆಯ ವರ್ಗದ ಎಂಜಿನಿಗಿಂತ 34 ಟನ್ನು ಕಡಮೆ, 1300 ಅಶ್ವಶಕ್ತಿ ಹೆಚ್ಚು! ‘ಮಲ್ಲಾರ್ಡ್’ ವರ್ಗದ ಉಗಿ ಎಂಜಿನು ತನ್ನ ಒಂದೊಂದು ಚಾಲಕ ಅಚ್ಚಿನ ಮೂಲಕ 22 ಟನ್ನುಗಳ ಭಾರವನ್ನು ಹಳಿಯ ಮೇಲೆ ಹೇರುತ್ತಿದ್ದರೆ, ಡೆಲ್ಟಿಕ್ಕು ಹೇರುತ್ತಿದ್ದುದು ಹದಿನಾರೂವರೆ. ಎರಡು ಯಂತ್ರಗಳಿದ್ದುದರಿಂದ ಮತ್ತೊಂದು ಲಾಭವೂ ಇತ್ತು: ದಾರಿಯಲ್ಲಿ ಒಂದು ಕೆಟ್ಟರೆ ಇನ್ನೊಂದು, ತಡವಾಗಿಯಾದರೂ, ಗಾಡಿಯನ್ನು ಊರು ಮುಟ್ಟಿಸುತ್ತಿತ್ತು.

ಅವುಗಳ ನಾಮಕರಣದ ವಿಷಯವೂ ಸ್ವಾರಸ್ಯವಾದದ್ದು. ಲಂಡನ್ನಿನ ಫಿನ್ಸ್‌ಬರಿ ಪಾರ್ಕ್ ಷೆಡ್ಡಿಗೆ ಸೇರಿದ ಎಂಟಕ್ಕೆ, ಆ ಮಾರ್ಗದ ಹಳೆಯ ಪದ್ಧತಿಯಂತೆ, ಕುದುರೆ ಪಂದ್ಯಗಳಲ್ಲಿ ಗೆದ್ದ ಕುದುರೆಗಳ ಹೆಸರನ್ನಿಟ್ಟರು. ‘ಟುಲ್ಯಾರ್’ ಎಂಬುದು ಮೂರನೆಯ ಆಗಾಖಾನರ ಕುದುರೆ, 1952ರ ಡರ್ಬಿ ಪಂದ್ಯದ ವಿಜೇತ. ‘ಪಿಂಜಾ’ ಮರುವರ್ಷ, ರಾಣಿ ಎಲಿಜಬೆತ್ತರ ಪಟ್ಟಾಭಿಷೇಕದ ವಾರದಲ್ಲಿ, ರಾಣಿಯ ಸ್ವಂತ ಕುದುರೆಯನ್ನೇ ಹಿಂದೆ ಹಾಕಿ ಅದೇ ಪಂದ್ಯವನ್ನು ಗೆದ್ದದ್ದು. ಗೇಟ್ಸ್‌ಹೆಡ್ ಮತ್ತು ಎಡಿನ್‌ಬರೋದ ಹೇಮಾರ್ಕೆಟ್ ಷೆಡ್ಡುಗಳಿಗೆ ಹೋದ ಹದಿನಾಲ್ಕಕ್ಕೆ ಉತ್ತರ ಇಂಗ್ಲೆಂಡಿನ ಮತ್ತು ಸ್ಕಾಟ್ಲೆಂಡಿನ ಸೇನಾಪಡೆಗಳ ಹೆಸರು ಬಂದಿತು. ಅವುಗಳಲ್ಲಿ ಒಂದು ‘ಡ್ಯೂಕ್ ಆಫ್ ವೆಲಿಂಗ್ಟನ್ಸ್ ರೆಜಿಮೆಂಟ್’. ಮುಂದೆ ವೆಲಿಂಗ್ಟನ್ ಡ್ಯೂಕನೆನಿಸಿದ ಆರ್ಥರ್ ವೆಲ್ಲೆಸ್ಲಿ ತರುಣನಾಗಿದ್ದಾಗ ನಾಯಕತ್ವ ವಹಿಸಿದ್ದ ಆ ಪಡೆ 1799ರಲ್ಲಿ ಟಿಪ್ಪುಸುಲ್ತಾನನ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಹೋರಾಡಿ, ತನ್ನ ಯುದ್ಧಗೌರವಗಳ ಪಟ್ಟಿಯಲ್ಲಿ ಶ್ರೀರಂಗಪಟ್ಟಣದ ಹೆಸರನ್ನು ಬರೆಸಿಕೊಂಡದ್ದು. ಕಾವೇರಿಯ ದ್ವೀಪದ ಮೇಲೆ ಕಾಳಗವಾಡಿದ ಪಡೆಯ ಹೆಸರು ಯಾರ್ಕ್‌ಶೈರಿನ ಬಯಲುಗಳಲ್ಲಿ ನೂರು ಮೈಲಿಯ ವೇಗದಿಂದ ಓಡಾಡುತ್ತಿದ್ದುದು ಕನ್ನಡಿಗನಿಗೆ ವಿಚಿತ್ರವಾಗಿ ತೋರದಿರದು.

1962ರ ಬೇಸಗೆಯ ವೇಳಾಪಟ್ಟಿಯಲ್ಲಿ ‘ಫ್ಲೈಯಿಂಗ್ ಸ್ಕಾಟ್ಸ್‌ಮನ್’ ತನ್ನ ನೂರನೆಯ ವರ್ಷದಲ್ಲಿ ಲಂಡನ್ನಿನಿಂದ ಎಡಿನ್‌ಬರೋಗೆ ಆರೇ ಗಂಟೆಗಳಲ್ಲಿ ತಲುಪತೊಡಗಿತು. ಆರು ಗಂಟೆಗಳ ಪ್ರಯಾಣ ಈ ಮಾರ್ಗಕ್ಕೆ ಹೊಸದಲ್ಲ. ಯುದ್ಧಕ್ಕೆ ಮೊದಲು, 1937ರಲ್ಲಿ, ‘ಕಾರೊನೇಷನ್’ ಎಂಬ ಗಾಡಿ ಅದನ್ನು ಸಾಧಿಸಿತ್ತು. ಆದರೆ ಅದು ಹೆಚ್ಚಿನ ದರ ಕೊಟ್ಟವರಿಗೆ ಮಾತ್ರ ಮೀಸಲಾದ, ಕೆಲವೇ ಬೋಗಿಗಳ ವಿಶೇಷ ಗಾಡಿ. ಡೆಲ್ಟಿಕ್ಕು ಅದೇ ವೇಗವನ್ನು ಸಾಧಾರಣ ಟಿಕೆಟ್ಟಿನ ಪ್ರಯಾಣಿಕನಿಗೆ, ಮಳೆಗಾಲ ಬೇಸಗೆಗಳೆನ್ನದೆ, ದಿನಕ್ಕೆ ಒಂದಲ್ಲ ಹಲವು ಗಾಡಿಗಳಲ್ಲಿ ಕೊಟ್ಟಿತು. ನನ್ನ ಎಣಿಕೆಯಲ್ಲಿ ದಾಖಲೆಯ ವೇಗಕ್ಕಿಂತ ಇದು ದೊಡ್ಡದು. ಒಂದು ದಿನ, ಒಂದು ಇಳಿಜಾರಿನಲ್ಲಿ, ಒಂದು ಎಂಜಿನು ಮಾಡಿದ ಸಾಹಸ ಪತ್ರಿಕೆಗೆ ಸುದ್ದಿಯಾಗುತ್ತದೆ; ಎಲ್ಲ ದಿನವೂ ಎಲ್ಲರಿಗೂ ಸಿಗುವ ವೇಗ ಜನಜೀವನವನ್ನು ಬದಲಾಯಿಸುತ್ತದೆ. ಮುಂದೆ ಹಳಿಗಳ ತಿರುವುಗಳನ್ನು ನೇರಗೊಳಿಸಿ, ನೂರು ಮೈಲಿಯಲ್ಲಿ ಓಡಬಹುದಾದ ದೂರವನ್ನು ವರ್ಷವರ್ಷವೂ ಹೆಚ್ಚಿಸುತ್ತ ಹೋದಂತೆ ಪ್ರಯಾಣದ ಕಾಲ ಐದೂವರೆ ಗಂಟೆಗಳ ಹತ್ತಿರಕ್ಕೆ ಇಳಿಯಿತು.

ಡೆಲ್ಟಿಕ್ಕಿನ ಪರಿಚಯವಿದ್ದವರೆಲ್ಲ ಮೊದಲು ಹೇಳುವುದು ಅದರ ಶಬ್ದದ ವಿಚಾರ. ಸಾಮಾನ್ಯವಾದ ಡೀಸೆಲ್ ಎಂಜಿನಿನಲ್ಲಿ ಒಂದೊಂದು ಸಿಲಿಂಡರಿನ ಬಡಿತವೂ ಬೇರೆಬೇರೆಯಾಗಿ ಕಿವಿಗೆ ಬೀಳುತ್ತದೆ. ಡೆಲ್ಟಿಕ್ಕಿನ ಒಂದು ಯಂತ್ರದಲ್ಲಿ ಶಾಫ್ಟಿನ ಪ್ರತಿಯೊಂದು ಸುತ್ತಿಗೂ 18 ಸಾರಿ, ಎಂದರೆ ಪೂರ್ಣವೇಗದಲ್ಲಿ ಸೆಕೆಂಡಿಗೆ 450 ಸಾರಿ, ಎಣ್ಣೆ ಹೊತ್ತಿಕೊಳ್ಳುವುದರಿಂದ ಬಡಿತಗಳೆಲ್ಲ ಒಂದರೊಳಗೊಂದು ಕರಗಿ ಅಖಂಡವಾದ ಒಂದು ನಾದವಾಗುತ್ತದೆ. ಎರಡು ಯಂತ್ರಗಳ ಶ್ರುತಿ ಕೂದಲೆಳೆಯಷ್ಟು ವ್ಯತ್ಯಾಸವಾದಾಗ ಆ ನಾದ ಏರಿಳಿಯುತ್ತ ಕಂಪಿಸುತ್ತದೆ. ಹೊರಗೆ ನಿಂತು ಕೇಳಿದವರಿಗೆ ಅದು ಸಂಗೀತ. ಒಳಗೆ ಕುಳಿತು ಆರು ಗಂಟೆ ಕೆಲಸ ಮಾಡಿದ ಚಾಲಕನಿಗೆ ಹಾಗೆಯೇ ಇತ್ತೆಂದು ಹೇಳುವ ಧೈರ್ಯ ನನಗಿಲ್ಲ. ಹೊಗೆಯೂ ಅಷ್ಟೇ ಪ್ರಸಿದ್ಧ. ನಿಲ್ದಾಣದಲ್ಲಿ ಸುಮ್ಮನೆ ತಿರುಗುತ್ತ ನಿಂತಿದ್ದಾಗ ಹೊಗೆಕೊಳವೆಗಳ ಒಳಗೆ ಎಣ್ಣೆಯ ಜಿಡ್ಡು ಶೇಖರವಾಗಿ, ಚಾಲಕನು ಹೊರಡಲು ಬಲ ಕೊಟ್ಟೊಡನೆ ಅದೆಲ್ಲ ಕಾದು ನೀಲಿಬಿಳುಪು ಮೋಡವಾಗಿ ಮೇಲೇಳುತ್ತಿತ್ತು. ಕೆಲವೊಮ್ಮೆ ಹೊತ್ತಿಕೊಂಡು ಜ್ವಾಲೆಯೂ ಕಾಣಿಸುತ್ತಿತ್ತು. ಕಿಂಗ್ಸ್ ಕ್ರಾಸ್ ನಿಲ್ದಾಣದ ಕಮಾನುಗಳ ಕೆಳಗೆ ನಿಂತವರು ಕೆಮ್ಮುತ್ತಲೇ ಅದನ್ನು ಮೆಚ್ಚಿಕೊಂಡರು.

ಹಗುರವಾದ ಯಂತ್ರಕ್ಕೆ ಬೆಲೆಯಿಲ್ಲದಿಲ್ಲ. ಭಾರವಾದ ಯಂತ್ರದಲ್ಲಿ ಲೋಹ ಧಾರಾಳವಾಗಿರುವುದರಿಂದ ಸಣ್ಣಪುಟ್ಟ ಅಲಕ್ಷ್ಯವನ್ನು ಅದು ಸಹಿಸಿಕೊಳ್ಳುತ್ತದೆ. ಡೆಲ್ಟಿಕ್ಕಿನಲ್ಲಿ ಸಹಿಸುವುದಕ್ಕೆ ಉಳಿಸಿದ ಲೋಹವೇ ಇಲ್ಲ. ಒಂದು ಎಂಜಿನಿನಲ್ಲಿ 72 ಪಿಸ್ಟನ್ನುಗಳು, ಆರು ಕ್ರ್ಯಾಂಕ್‌ಶಾಫ್ಟುಗಳು, ಅವುಗಳನ್ನು ಒಂದುಗೂಡಿಸುವ ಹಲ್ಲುಗಾಲಿಗಳ ಜಾಲ. ತಂಪು ಮಾಡುವ ನೀರು ಒಂದು ಕಡೆ ಸೋರಿದರೆ ಇಡೀ ಯಂತ್ರವನ್ನೇ ಕೆಳಗಿಳಿಸಬೇಕು. ಕಂಪೆನಿಯವರೂ ಅನಂತರ ಡಾಂಕಾಸ್ಟರಿನ ರೈಲ್ವೆ ಕಾರಖಾನೆಯವರೂ ವಹಿಸಿದ ಶ್ರದ್ಧೆಯಿಂದ ಅವು ನಡೆದುವೇ ಹೊರತು ತಮ್ಮಷ್ಟಕ್ಕೆ ತಾವೇ ಅಲ್ಲ. ಈ ಶ್ರದ್ಧೆಯಿಲ್ಲದ ಕಡೆ ಏನಾಯಿತೆಂಬುದಕ್ಕೆ ‘ಮರಿ ಡೆಲ್ಟಿಕ್’ಗಳ ಕಥೆ ಸಾಕ್ಷಿ. 1959ರಲ್ಲಿ ಒಂಬತ್ತು ಸಿಲಿಂಡರುಗಳ ಒಂದೊಂದೇ ಯಂತ್ರವನ್ನು ಕೂಡಿಸಿ, 1100 ಅಶ್ವಶಕ್ತಿಯ ಹತ್ತು ಸಣ್ಣ ಎಂಜಿನುಗಳನ್ನು ಲಂಡನ್ನಿನ ಉಪನಗರಗಳ ಗಾಡಿಗಳಿಗೆಂದು ಕಟ್ಟಿದರು. ಹೆಜ್ಜೆಹೆಜ್ಜೆಗೂ ನಿಂತು ಹೊರಡುವ ಆ ಕೆಲಸ ಅವಕ್ಕೆ ಒಗ್ಗಲಿಲ್ಲ. ಪದೇಪದೇ ಕೆಟ್ಟು, ಹಿಂದಕ್ಕೆ ಹೋಗಿ ರಿಪೇರಿಯಾಗಿ ಬಂದು, 1971ರ ಹೊತ್ತಿಗೆ ಎಲ್ಲವೂ ಸೇವೆಯಿಂದ ಮರೆಯಾದುವು. ಒಂದೇ ವಂಶದ ಯಂತ್ರ ಒಂದು ಕಡೆ ಕೀರ್ತಿಯನ್ನೂ ಇನ್ನೊಂದು ಕಡೆ ಅಪಕೀರ್ತಿಯನ್ನೂ ತಂದಿತು.

1970ರ ದಶಕದಲ್ಲಿ ರೈಲ್ವೆಯವರು ಎಂಜಿನುಗಳಿಗೆ ಹೊಸ ಸಂಖ್ಯೆಗಳನ್ನು ಕೊಟ್ಟಾಗ ಡೆಲ್ಟಿಕ್ಕುಗಳು 55ನೆಯ ವರ್ಗವಾದುವು. ಅಷ್ಟರೊಳಗೆ ಹಸುರು ಬಣ್ಣ ಹೋಗಿ ಎಲ್ಲಕ್ಕೂ ಒಂದೇ ನೀಲಿ ಬಂದಿತ್ತು. ಸಂಖ್ಯೆಗಳ ಲೆಕ್ಕವಿಡುವ ಕಂಪ್ಯೂಟರಿಗೆ ಸೊನ್ನೆಯಿಂದ ಆರಂಭವಾಗುವ ಎಣಿಕೆ ಒಪ್ಪಿಗೆಯಾಗದೆ, ವರ್ಗದ ಮೊದಲನೆಯದಾದ 9000ನೆಯ ಸಂಖ್ಯೆಯ ‘ರಾಯಲ್ ಸ್ಕಾಟ್ಸ್ ಗ್ರೇ’ 55022 ಎಂದು ಎಲ್ಲರಿಗಿಂತ ಕೊನೆಯಲ್ಲಿ ನಿಲ್ಲಬೇಕಾಯಿತು. 1978ರಲ್ಲಿ ಈ ಮಾರ್ಗಕ್ಕೆ ಗಂಟೆಗೆ 125 ಮೈಲಿ ಓಡುವ ಹೊಸ ಗಾಡಿಗಳು ಬಂದುವು. ಅವುಗಳ ಎರಡು ಕೊನೆಗಳಲ್ಲಿಯೂ 2250 ಅಶ್ವಶಕ್ತಿಯ ಒಂದೊಂದು ಎಂಜಿನು. ಅವುಗಳೊಳಗಿನ ಯಂತ್ರವೂ ನಿಮಿಷಕ್ಕೆ 1500 ಸುತ್ತು ತಿರುಗುವ ಶೀಘ್ರಗತಿಯದೇ. ಇಪ್ಪತ್ತು ವರ್ಷಗಳ ಹಿಂದೆ ಹಿರಿಯ ಎಂಜಿನಿಯರುಗಳು ಯಾವ ಕಾರಣಕ್ಕಾಗಿ ಡೆಲ್ಟಿಕ್ಕನ್ನು ಶಂಕಿಸಿದ್ದರೋ ಅದೇ ಗುಣ ಈಗ ಸರ್ವಸಮ್ಮತವಾಗಿತ್ತು. ಡೆಲ್ಟಿಕ್ಕುಗಳು ಹಲ್, ಯಾರ್ಕ್ ಮುಂತಾದ ಎರಡನೆಯ ದರ್ಜೆಯ ಓಟಗಳಿಗೆ ಇಳಿದು, 1981ರ ಡಿಸೆಂಬರ್ 31ರಂದು ಅಧಿಕೃತ ಸೇವೆಯನ್ನು ಮುಗಿಸಿದುವು. 1982ರ ಜನವರಿ 2ರಂದು ವಿದಾಯದ ವಿಶೇಷ ಗಾಡಿಯನ್ನು ‘ಟುಲ್ಯಾರ್’ ಲಂಡನ್ನಿನಿಂದ ಎಡಿನ್‌ಬರೋಗೂ, ‘ರಾಯಲ್ ಸ್ಕಾಟ್ಸ್ ಗ್ರೇ’ ಅಲ್ಲಿಂದ ಹಿಂದಕ್ಕೂ ಎಳೆದುವು. ಆ ವೇಳೆಗೆ ಒಂದೊಂದು ಎಂಜಿನೂ ಸುಮಾರು 30 ಲಕ್ಷ ಮೈಲಿಗಳನ್ನು ಕ್ರಮಿಸಿತ್ತು. ಬೇಗ ಸವೆಯುವುದೆಂದು ಭವಿಷ್ಯ ನುಡಿದವರಿಗೆ ಇದಕ್ಕಿಂತ ಉತ್ತರ ಬೇಕಿಲ್ಲ.

ಇಪ್ಪತ್ತೆರಡರಲ್ಲಿ ಆರು ಗುಜರಿಗೆ ಬೀಳದೆ ಉಳಿದಿವೆ. ಸೇನಾಪಡೆಯ ಹೆಸರು ಹೊತ್ತ ‘ಕಿಂಗ್ಸ್ ಓನ್ ಯಾರ್ಕ್‌ಶೈರ್ ಲೈಟ್ ಇನ್‌ಫೆಂಟ್ರಿ’ ರಾಷ್ಟ್ರೀಯ ರೈಲ್ವೆ ಸಂಗ್ರಹಾಲಯದ ಸ್ವತ್ತು. ಮಿಕ್ಕ ಐದನ್ನು ಉತ್ಸಾಹಿಗಳ ಸಂಘಗಳೂ ಖಾಸಗಿ ಒಡೆಯರೂ ಕಾಪಾಡಿಕೊಂಡಿದ್ದಾರೆ. 1955ರ ನೀಲಿ ಮಾದರಿಯೂ ಲಂಡನ್ನಿನ ವಿಜ್ಞಾನ ಸಂಗ್ರಹಾಲಯದಲ್ಲಿ ಬಹುಕಾಲ ನಿಂತಿದ್ದು, ಈಗಲೂ ರಾಷ್ಟ್ರದ ಆಸ್ತಿಯಾಗಿದೆ. ಡೆಲ್ಟಿಕ್ಕನ್ನು ನಕಲು ಮಾಡಲು ಬೇರೆ ಯಾವ ದೇಶದ ರೈಲ್ವೆಯೂ ಮುಂದಾಗಲಿಲ್ಲ; ಅಷ್ಟು ಸೂಕ್ಷ್ಮವಾದ ಯಂತ್ರವನ್ನು ಅಷ್ಟು ಶ್ರದ್ಧೆಯಿಂದ ಸಾಕುವ ಏರ್ಪಾಡು ಎಲ್ಲರಿಗೂ ಸಾಧ್ಯವಿರಲಿಲ್ಲ. ಆದರೆ ಬ್ರಿಟನ್ನಿನಲ್ಲಿ ನೂರು ಮೈಲಿಯ ವೇಗವನ್ನು ಮೊದಲ ಬಾರಿಗೆ ದಿನನಿತ್ಯದ ಸಂಗತಿಯಾಗಿ ಮಾಡಿದ ಡೀಸೆಲ್ ಎಂಜಿನು ಯಾವುದೆಂದು ಕೇಳಿದರೆ, ಡೆಲ್ಟಿಕ್ಕಿನ ಹೆಸರನ್ನಲ್ಲದೆ ಬೇರೆಯದನ್ನು ಹೇಳುವಂತಿಲ್ಲ.